ಯಾವ ಮನೆಗೂ ಸೇರದ ಮಾತು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ವಾರದಲ್ಲೇ ಅವಳು ಕೆಲಸಕ್ಕೆ ಮರಳಿದ್ದಳು. ಹೊದಿಕೆಗಳನ್ನು ಯಂತ್ರಕ್ಕೆ ತುಂಬುವುದು, ಬಿಸಿಬಿಸಿಯಾಗಿ ತೆಗೆದು ಮಡಚುವುದು, ವಾರ್ಡಿಗೆ ಕಳಿಸುವುದು. ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು. ಕಣ್ಣೀರು ಬರಲಿಲ್ಲ. ಗಟ್ಟಿಗಿತ್ತಿ ಎಂದರು ಜನ. ಅವಳು ಮುಂದಿನ ಹೊದಿಕೆ ಎತ್ತಿಕೊಂಡಳು.

ಅದೇ ದಿನಗಳಲ್ಲಿ ಹೊಸ ಮೇಲ್ವಿಚಾರಕಿ ಎಲ್ಲರನ್ನೂ ಕೂಡಿಸಿ, ಬಿಳಿ ಹಲಗೆಯ ಮೇಲೆ ಗೆರೆ ಎಳೆದು ನಾಲ್ಕು ಮನೆ ಮಾಡಿದಳು.

"ಇದಕ್ಕೆ ಸ್ವಾಟ್ ಅಂತಾರೆ. ನಮ್ಮ ಶಕ್ತಿ, ನಮ್ಮ ದೌರ್ಬಲ್ಯ, ಮುಂದಿರೋ ಅವಕಾಶ, ಎದುರಾಗೋ ಅಪಾಯ. ಮೊದಲೆರಡು ನಮ್ಮೊಳಗಿಂದು, ಉಳಿದೆರಡು ಹೊರಗಿಂದು. ಮುಚ್ಚುಮರೆ ಇಲ್ದೆ ಹೇಳಿ. ಮುಂದಿನ ವರ್ಷ ಹೇಗೆ ಅಂತ ಇದನ್ನ ನೋಡೇ ಯೋಚಿಸೋಣ."

ಇಸ್ತ್ರಿಯವನು ಬಾಯಿ ಬಿಟ್ಟ. "ಶಕ್ತಿ ಅಂದ್ರೆ ಅಕ್ಕಾನೇ. ಯಾವ ಕಲೆ ಹೇಗೆ ಹೋಗುತ್ತೆ, ಯಾವ ಮಷೀನು ಯಾವಾಗ ಮುನಿಸ್ಕೊಳ್ಳುತ್ತೆ, ಎಲ್ಲಾ ಗೊತ್ತು. ಜ್ವರ ಬಂದ್ರೂ ಅಕ್ಕ ರಜಾ ಹಾಕಲ್ಲ, ಜ್ವರಾನೇ ರಜಾ ಹಾಕುತ್ತೆ."

ಎಲ್ಲರೂ ನಕ್ಕರು. ಮೇಲ್ವಿಚಾರಕಿ ಅದನ್ನು ಶಕ್ತಿಯ ಮನೆಯಲ್ಲಿ ಬರೆದಳು. ಆಮೇಲೆ ಅದನ್ನೇ ದೌರ್ಬಲ್ಯದ ಮನೆಯಲ್ಲೂ ಬರೆದಳು. "ಎಲ್ಲಾ ಒಬ್ಬರ ತಲೇಲೇ ಇದ್ರೆ, ಅವರು ಬರದಿದ್ದ ದಿನ ನಮ್ಮ ಗತಿ?"

ಮಾತು ತನ್ನ ಬಗ್ಗೆಯೇ ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ಪಕ್ಕದ ಬೀದಿಯ ಯಾರದೋ ಸುದ್ದಿ ಕೇಳಿದಂತಿತ್ತು.

"ನೀವೇನಂತೀರಿ ಅಕ್ಕ?" ಮೇಲ್ವಿಚಾರಕಿ ಕೇಳಿದಳು.

"ನನಗೆ ಏನೂ ಅನ್ನಿಸ್ತಿಲ್ಲಮ್ಮ," ಎಂದಳು. "ಇವತ್ತು ಅಂತಲ್ಲ. ಅವರು ಹೋದಾಗಿಂದ."

ಮೇಲ್ವಿಚಾರಕಿ ಹಲಗೆಯತ್ತ ತಿರುಗಿ ಪೆನ್ನು ಎತ್ತಿದಳು. ಇದನ್ನು ಯಾವ ಮನೆಗೆ ಹಾಕುವುದೆಂದು ತೋಚದೆ ಮುಚ್ಚಳ ಹಾಕಿದಳು.

ತೀರ್ಮಾನವೇನೋ ಆಯಿತು. ಇಸ್ತ್ರಿಯವನಿಗೂ ಮಡಚುವ ಹೆಂಗಸಿಗೂ ಅಕ್ಕ ತನ್ನ ಕೆಲಸ ಕಲಿಸಬೇಕು. ಅವರು ಕಲಿತ ಮೇಲೆ ವಾರದ ರಜೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ಕಲಿಸಿದಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರಾದರೆ ಕಲೆ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟಳು. ಇಬ್ಬರೂ ಬೇಗ ಕೈ ಕುದುರಿಸಿಕೊಂಡರು.

ಮೊದಲ ರಜೆಯ ದಿನ ಸ್ನಾನ ಮುಗಿಸಿ ಕುರ್ಚಿಯಲ್ಲಿ ಕೂತವಳು ಕೂತೇ ಇದ್ದಳು. ಮಧ್ಯಾಹ್ನ ತಂಗಿ ಬಂದಳು.

"ಊಟ ಆಯ್ತಾ ಅಕ್ಕ?"

"ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ."

"ಆಸ್ಪತ್ರೆಯಿಂದ ಫೋನ್ ಬಂತಾ?"

"ಬಂತು. ನಾನಿಲ್ದೇನೂ ಎಲ್ಲಾ ಸರಿಯಾಗಿ ನಡೀತಿದೆಯಂತೆ."

"ಬೇಜಾರಾಯ್ತಾ?"

ಅವಳು ಒಳಗೆ ಹುಡುಕಿ ನೋಡಿದಳು. ಬೇಜಾರೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

"ಇಲ್ಲ ಕಣೇ."

ತಂಗಿ ಅನ್ನ ಮಾಡಿ ಬಡಿಸಿದಳು. ಅವಳು ಉಂಡಳು. ಮಂಚದ ಮೇಲೆ ಒರಗಿದವಳಿಗೆ, ತಂಗಿ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿದ್ದಂತೆಯೇ ನಿದ್ದೆ ಹತ್ತಿತು.