ರಾಮಕೃಷ್ಣಪ್ಪ ಹಚ್ಚಿದ ಮೆದೆ

ರಾಯಕೋಟೆ ರಾಮಕೃಷ್ಣಪ್ಪನಿಗೆ ಎಡಗೈ ಮೊಣಕೈವರೆಗೆ ಮಾತ್ರ ಇತ್ತು. ಉಳಿದದ್ದು ಅರವತ್ತೈದರ ಯುದ್ಧದಲ್ಲಿ ಹೋಗಿತ್ತು. ಬಾಯಿ ಮಾತ್ರ ಇಬ್ಬರಿಗಾಗುವಷ್ಟಿತ್ತು ಬಿಡಿ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಮತ್ತೆ ಯುದ್ಧ ಶುರುವಾದಾಗ ಊರೂರು ತಿರುಗಿ ಜವಾನರಿಗೆ ಕಂಬಳಿ ಕೂಡಿಸುವ ಕೆಲಸ ಹಿಡಿದ. ಹಾಗೆ ತಮಿಳುನಾಡಿನ ಗಡಿಯೂರು ಡೆಂಕಣಿಕೋಟೆಗೂ ಬಂದ.

ಡೆಂಕಣಿಕೋಟೆಯ ದೇಶಭಕ್ತಿಯನ್ನು ಕೇಳಲೇಬೇಡಿ! ಹೊತ್ತು ಮುಳುಗಿದ ಮೇಲೆ ಯಾರೂ ಬೆಳಕು ಕಾಣಿಸಬಾರದೆಂದು ಊರ ಪಡ್ಡೆಗಳು ಕಟ್ಟಪ್ಪಣೆ ಮಾಡಿದ್ದರು. ವೈರಿ ವಿಮಾನ ಬೆಳಕು ನೋಡಿ ಬಾಂಬು ಹಾಕುತ್ತದಂತೆ. ಅಷ್ಟು ದೂರದಿಂದ ಹಾರಿಬಂದು ಏನನ್ನಪ್ಪಾ ಕೆಡವೀತು, ಸಂತೆ ಬಯಲಿನ ಹುಣಸೇಮರಾನಾ? ಹಾಗಂತ ಕೇಳುವ ಎದೆ ಯಾರಿಗೂ ಇರಲಿಲ್ಲ.

ಸಂತೆ ಬಯಲಿನ ಸಭೆಯಲ್ಲಿ ರಾಮಕೃಷ್ಣಪ್ಪನಿಗೆ ಹಾರ ಬಿತ್ತು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಗುಡುಗಿದ. ಚಪ್ಪಾಳೆ ತಲೆಗೇರಿತು. ಮೋಟುಗೈ ಎತ್ತಿ, "ವೈರಿಗೆ ಬೆಳಕು ತೋರ್ಸೋನು ನಮ್ಮೂರೋನಾದ್ರೂ ಬಿಡ್ಬ್ಯಾಡಿ, ಮೂಳೆ ಮುರೀರಿ!" ಅಂದುಬಿಟ್ಟ.

ಆಗಲೇ ಮಬ್ಬುಗತ್ತಲೆ. ಯಾರೋ ಕಾಡಂಚಿನತ್ತ ಕೈ ತೋರಿಸಿದರು. ಅಲ್ಲಿ ಬೆಂಕಿ ಉರಿಯುತ್ತಿತ್ತು.

"ಗೂಢಚಾರ ಕಣ್ಲಾ! ಹಿಡೀರ್ಲಾ!"

ಆ ಬೆಂಕಿ ಪಾಪಯ್ಯನದು. ಕೊಯ್ದ ರಾಗಿಯನ್ನು ಹೊಲದಲ್ಲೇ ಮೆದೆ ಒಟ್ಟಿ, ಆನೆ ಬಾರದಿರಲೆಂದು ಬೆಂಕಿ ಹಾಕಿಕೊಂಡು ಕಾವಲು ಕೂತಿದ್ದ. ಅಪ್ಪ ತಾತನ ಕಾಲದಿಂದ ಕಾಡಂಚಿನವರು ಮಾಡುವುದೇ ಹಾಗೆ. ಊರಿನ ಎಳೆಮಕ್ಕಳಿಗೂ ಗೊತ್ತಿದ್ದ ಮಾತು ಅವತ್ತು ಒಬ್ಬ ಬಡ್ಡೀಮಗನಿಗೂ ನೆನಪಾಗಲಿಲ್ಲ.

ರಾಮಕೃಷ್ಣಪ್ಪ ಜನರ ಹಿಂದೆ ಓಡಿ ಬರುವಷ್ಟರಲ್ಲಿ ದೊಣ್ಣೆಗಳು ಬೀಳುತ್ತಿದ್ದವು. ಪಾಪಯ್ಯನ ತೊಡೆಯ ಮೂಳೆ ಲಟಕ್ಕೆಂದದ್ದು ರಾಮಕೃಷ್ಣಪ್ಪನಿಗೂ ಕೇಳಿಸಿತು.

"ಆನೆಗೆ ಕಣ್ರಪ್ಪಾ ಬೆಂಕಿ, ಆನೆಗೆ!" ಪಾಪಯ್ಯ ರಕ್ತ ಕಾರುತ್ತ ಅರಚುತ್ತಿದ್ದ.

ರಾಮಕೃಷ್ಣಪ್ಪ ನುಗ್ಗಿ ಪಾಪಯ್ಯನ ಮೇಲೆ ಅಡ್ಡ ಬಿದ್ದ. "ಬಿಡ್ರಲಾ, ಸತ್ತೋಯ್ತಾನೆ!"

"ಇವ್ನೂ ಅವ್ನ ಕಡೆಯೋನೇ!" ಎಂದು ಹಾರ ಹಾಕಿದವನೇ ಅವನ ಮುಖಕ್ಕೆ ಒದ್ದ. ಹಲ್ಲು ಉದುರಿತು. ಕಾವಲಿನ ಬೆಂಕಿಯನ್ನು ಮಣ್ಣು ಹಾಕಿ ತುಳಿದು ಆರಿಸಿದರು.

ಕತ್ತಲಲ್ಲಿ ಬಿದಿರು ಮುರಿಯಿತು. ಘೀಳಿಟ್ಟ ಸದ್ದಿಗೆ ದೇಶಭಕ್ತರೆಲ್ಲ ಪಂಚೆ ಎತ್ತಿಕೊಂಡು ಓಟ ಕಿತ್ತರು.

ರಾಮಕೃಷ್ಣಪ್ಪ ಒಂದೇ ಕೈಯಲ್ಲಿ ಪಾಪಯ್ಯನನ್ನು ಎಳೆದ. ಆಗಲಿಲ್ಲ. ಒಂಟಿ ಸಲಗ ಮೆದೆಯ ಆಚೆ ಬಂದು ನಿಂತಿತ್ತು. ರಾಮಕೃಷ್ಣಪ್ಪ ಜೇಬಿನ ಬೆಂಕಿಪೊಟ್ಟಣವನ್ನು ಕಂಕುಳಲ್ಲಿ ಅದುಮಿ ಕಡ್ಡಿ ಗೀರಿದ. ಮೆದೆಗೇ ಇಟ್ಟ. ವರ್ಷದ ರಾಗಿ ಭಗ್ಗೆಂದು ಹತ್ತಿಕೊಂಡಿತು. ಸಲಗ ಕಿವಿ ಬಡಿದು, ಪಾಪಯ್ಯನ ಕಾವಲಿನ ಅಟ್ಟಣೆಯನ್ನು ಕೆಡವಿ, ಕಾಡಿಗೆ ತಿರುಗಿತು.

ಉರಿ ಕಂಡು ಪಾಪಯ್ಯನ ಹೆಂಡತಿ ನಾರಾಯಣಮ್ಮ ಓಡಿಬಂದಳು. ಒಂದು ಕಡೆ ಗಂಡ, ಇನ್ನೊಂದು ಕಡೆ ಉರಿಯುವ ರಾಗಿ. "ಯಾರು ಹೊಡೆದೋರು?"

"ಊರೋರು. ಹೊಡೀರಿ ಅಂದೋನು ನಾನೇ ಕಣವ್ವಾ. ಮೆದೆ ಸುಟ್ಟೋನೂ ನಾನೇ."

ಅವಳು ಅವನ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು, ಕೈ ಸೋಲುವವರೆಗೂ. ಅವನು ಮುಖ ತಿರುಗಿಸಲಿಲ್ಲ. ಪಾಪಯ್ಯ ನರಳಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಂತ್ಕಂಡು ಏನ್ ನೋಡ್ತೀಯ? ಎತ್ತು. ಇವ್ರ ಜೀವ ಹೋದ್ರೆ ನಿನ್ನ ಬಿಡಾಕಿಲ್ಲ."