ಬಾಗಿಲಲ್ಲಿ ನಿಲ್ಲದ ವೆರ್ನಾ

"ಬಾಗಿಲಲ್ಲಿ ನಿಂತು ನಿಮ್ಮನ್ನ ಹಿಡಿಯೋ ಕೆಲಸ ನಾನು ಮಾಡಲ್ಲ. ಫೋನ್ ಮಾಡ್ತೀನಿ. ಎತ್ತಿದ್ರೆ ಎತ್ತಿ, ಬಿಟ್ರೆ ಬಿಡಿ."

ಹತ್ತೊಂಬತ್ತು ವರ್ಷಗಳ ಹಿಂದೆ, ಗಗನಸಖಿಯ ಸಮವಸ್ತ್ರವನ್ನು ಕಳಚಿಡುವ ದಿನ, ವೆರ್ನಾ ಹ್ರಿಂಚಕ್ ತಮ್ಮ ಜೊತೆಗಾತಿಯರಿಗೆ ಕೊಟ್ಟ ಮಾತು ಇದು. ನೆಲದಲ್ಲಿ ನಿಂತಿದ್ದ ವಿಮಾನದ ಹಿಂಬದಿಯ ಇಕ್ಕಟ್ಟಾದ ಅಡುಗೆಕಟ್ಟೆಯಲ್ಲಿ, ಕಾಫಿ ಪಾತ್ರೆಯ ಮೇಲೆ ಕೈಯಿಟ್ಟು ಹೇಳಿದ್ದು. "ಬೈಬಲ್ ಇರ್ಲಿಲ್ಲ, ಕಾಫಿ ಇತ್ತು" ಎನ್ನುತ್ತಾರೆ ವೆರ್ನಾ. ಅಂದು ಎದುರಿಗೆ ನಿಂತಿದ್ದ ಗೆಳತಿ ಕಾಲೀನ್ ಟೇಟ್ ನಕ್ಕಿದ್ದರಂತೆ. "ಕುರ್ಚಿ ಸಿಗೋ ತನಕ ಎಲ್ಲರೂ ಹೀಗೇ ಅನ್ನೋದು ಕಣೇ."

ವಿನಿಪೆಗ್ ವಿಮಾನ ನಿಲ್ದಾಣದ ಅಂಚಿನಲ್ಲಿ, ಸರಕಿನ ಗೋದಾಮುಗಳ ಬೆನ್ನಿಗೆ ಒಂದು ಕಂದು ಕಟ್ಟಡವಿದೆ. ಜನವರಿಯ ಈ ಮಂಗಳವಾರ ಬೆಳಕು ಹರಿಯುವುದಕ್ಕೆ ಇನ್ನೂ ಬಹಳ ಹೊತ್ತಿದೆ. ವೆರ್ನಾ ಕಾರು ನಿಲ್ಲಿಸಿ, ಇಂಜಿನ್ ಹೆಪ್ಪುಗಟ್ಟದಂತೆ ಅದರ ತಂತಿಯನ್ನು ಕಂಬದ ಪ್ಲಗ್ಗಿಗೆ ಚುಚ್ಚಿ, ಬೂಟಿನ ಹಿಮ ಕೊಡವಿ ಮೇಲಂತಸ್ತಿಗೆ ಏರುತ್ತಾರೆ. ಕಿಟಕಿಯಿಲ್ಲದ ಕೋಣೆ. ಹೊರಗೆ ಹಿಮಗಾಳಿಯೋ ಬಿಸಿಲೋ ಎಂಬುದು ಪರದೆಯ ಮೇಲಿನ ಬಣ್ಣದಿಂದಲೇ ತಿಳಿಯಬೇಕು. ಇಂದು ಪರದೆ ಪೂರ್ತಿ ಕೆಂಪಾಗಿದೆ.

ಉತ್ತರದ ಊರುಗಳಿಗೆ ಹಾರುವ ಸಣ್ಣ ವಿಮಾನ ಸಂಸ್ಥೆಯೊಂದರಲ್ಲಿ ಯಾವ ವಿಮಾನಕ್ಕೆ ಯಾರು ಹೋಗಬೇಕೆಂದು ನಿಗದಿ ಮಾಡುವುದು ವೆರ್ನಾ ಅವರ ಕೆಲಸ. ಯಾರಿಗಾದರೂ ಜ್ವರ ಬಂದರೆ, ಯಾರದಾದರೂ ಕಾರು ಹಿಮದಲ್ಲಿ ಹೂತರೆ, ಆ ಜಾಗಕ್ಕೆ ಇನ್ನೊಬ್ಬರನ್ನು ನಿದ್ದೆಯಿಂದ ಎಬ್ಬಿಸಬೇಕು. ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಸಿಕ್ಕಿಸಿಕೊಂಡು ಮೊದಲ ಕರೆ ಮಾಡುತ್ತಾರೆ.

"ಜಾರೆಡ್, ವೆರ್ನಾ ಮಾತಾಡ್ತಿರೋದು."

"ನಾನು ಸತ್ತೋಗಿದೀನಿ."

"ಸತ್ತೋರು ಫೋನ್ ಎತ್ತಲ್ಲಪ್ಪಾ. ಏಳೂವರೆಗೆ ಫ್ಲಿನ್ ಫ್ಲಾನ್ ಊರಿನ ವಿಮಾನ."

"ನಿಂಗೆ ಮಕ್ಕಳು ಮರಿ ಇಲ್ವಾ?"

"ಇದಾರೆ. ಅವರೂ ಫೋನ್ ಎತ್ತಲ್ಲ."

ಆ ಕಡೆಯಿಂದ ಒಂದು ನರಳಾಟ, ಮಂಚದ ಕಿರುಗುಟ್ಟುವಿಕೆ, ಆಮೇಲೆ "ಬರ್ತೀನಿ ಮಾರಾಯ್ತಿ". ಹೊತ್ತು ಮೂಡುವ ಮುನ್ನ ಇಂಥ ಕರೆ ಹತ್ತೋ ಹನ್ನೆರಡೋ ಆಗುತ್ತದೆ. ವೆರ್ನಾ ಎಂದೂ ಶುಭೋದಯ ಎನ್ನುವುದಿಲ್ಲ. "ಆ ಹೊತ್ತಲ್ಲಿ ಶುಭ ಅಂದ್ರೆ ಉರಿಯೋ ಗಾಯಕ್ಕೆ ಉಪ್ಪು ಸವರಿದ ಹಾಗೆ. ನಾನೂ ಆ ತುದೀಲಿ ಇದ್ದೋಳಲ್ವಾ?"

ಕಟ್ಟಡದ ಕೆಳಗಿನ ಅಂತಸ್ತು ಹಾರುವವರದು, ಮೇಲಿನದು ಕೂರುವವರದು. ನಡುವಿನ ಮೆಟ್ಟಿಲ ತುದಿಯಲ್ಲಿ ಬೀಗದ ಬಾಗಿಲು. ಅದರ ಗುಟ್ಟಿನ ಸಂಖ್ಯೆ ಮೇಲಿನವರಿಗಷ್ಟೇ ಗೊತ್ತು. ಹಾರುವವರು ಮೇಲಿನವರನ್ನು 'ಮೇಜು' ಎಂದು ಕರೆಯುತ್ತಾರೆ; 'ಮೇಜಿಗೆ ಹೃದಯ ಇರಲ್ಲ' ಎಂಬುದು ಕೆಳಗಿನ ಗಾದೆ. ಮೇಲಿನವರ ಬಾಯಲ್ಲಿ ಕೆಳಗಿನವರು 'ಮಹಾರಾಣಿಯರು', ಗಂಡಸರಾದರೂ ಸರಿ. ಯಾರ ಫೋನಿನಲ್ಲೂ ವೆರ್ನಾ ಅವರ ಸಂಖ್ಯೆ ವೆರ್ನಾ ಎಂಬ ಹೆಸರಿನಲ್ಲಿಲ್ಲ. ಒಬ್ಬಳು 'ಎತ್ತಬೇಡ' ಎಂದು ಬರೆದುಕೊಂಡಿದ್ದಾಳೆ. ಇನ್ನೊಬ್ಬ 'ಹಳೇ ಹೆಂಡತಿಯ ಅಮ್ಮ' ಎಂದು. "ಅವನ ಅತ್ತೆ ಒಳ್ಳೆಯವಳಂತೆ, ನಂಗೇನೂ ಬೇಜಾರಿಲ್ಲ" ಎಂದು ನಗುತ್ತಾರೆ.

ಕ್ರಿಸ್‌ಮಸ್ ಹೊತ್ತಿಗೆ ವೆರ್ನಾ ತಮ್ಮ ಅಜ್ಜಿಯ ಕೈಯಳತೆಯಲ್ಲೇ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಾಡಿ ಕೆಳಗಿನ ವಿಶ್ರಾಂತಿ ಕೋಣೆಯಲ್ಲಿ ಇಟ್ಟು ಬರುತ್ತಾರೆ. ಮೊದಲ ವರ್ಷ ತಟ್ಟೆಯ ಮೇಲೆ ಹೆಸರು ಬರೆದಿದ್ದರು. ಸಂಜೆ ಹೋಗಿ ನೋಡಿದರೆ ಒಂದೂ ಖಾಲಿಯಾಗಿರಲಿಲ್ಲ, ಬೆಣ್ಣೆ ಗಟ್ಟಿಯಾಗಿತ್ತು. ಮರುವರ್ಷ ಹೆಸರು ಬರೆಯದೆ ಇಟ್ಟರು. ಮಧ್ಯಾಹ್ನಕ್ಕೇ ತಟ್ಟೆ ಬರಿದು.

ಇಷ್ಟು ಹಗೆ ಎಲ್ಲಿಂದ ಹುಟ್ಟಿತು ಎಂದು ಕೇಳಿದರೆ ಎರಡೂ ಅಂತಸ್ತಿನವರು ತೋರಿಸುವುದು ಒಂದೇ ಜಾಗ: ವಿಮಾನದಿಂದ ನಿಲ್ದಾಣಕ್ಕೆ ಚಾಚಿಕೊಂಡ ಸುರಂಗದಂಥ ಓಣಿ, ಅದರ ಕೊನೆಯ ಬಾಗಿಲು. ಅಂದಿನ ಹಾರಾಟ ಮುಗಿಸಿದವರಿಗೆ ಇನ್ನೊಂದು ಹಾರಾಟ ಹೊರಿಸಬೇಕಾದರೆ ಆ ಮಾತು ಅವರ ಕಿವಿಗೆ ಖುದ್ದಾಗಿ ಬೀಳಬೇಕು. ಬಿದ್ದರೆ ಹೋಗಲೇಬೇಕು, ಇಲ್ಲವೆಂದರೆ ಶಿಸ್ತಿನ ಕ್ರಮ. ಬೀಳದಿದ್ದರೆ ಮನೆ. ಹಾಗಾಗಿ ಹವಾಮಾನ ಕೆಟ್ಟ ದಿನ ಚಕ್ರ ನೆಲ ಮುಟ್ಟಿದರೂ ಹಾರುವವರ ಫೋನುಗಳು ಬಾಯಿ ತೆರೆಯುವುದಿಲ್ಲ. ಪ್ರಯಾಣಿಕರ ನಡುವೆ ಸೇರಿಕೊಂಡು, ತಲೆ ತಗ್ಗಿಸಿ, ಬಿರಬಿರನೆ ಹೊರಟುಬಿಡುತ್ತಾರೆ. ಮೇಲಿನವರು ಬಾಗಿಲಿಗೆ ಆಳು ಕಳಿಸುತ್ತಾರೆ. ಕೋಳಿ ಹಿಡಿಯುವ ಆಟದಂತೆ ಕಾಣುವ ಈ ಕೆಲಸದಲ್ಲಿ ಸಿಕ್ಕಿಬಿದ್ದವರು ಅದನ್ನು ವರ್ಷಗಟ್ಟಲೆ ಮರೆಯುವುದಿಲ್ಲ.

ವೆರ್ನಾ ಸಿಕ್ಕಿಬಿದ್ದವರೇ. ಹಾರುತ್ತಿದ್ದ ಕಾಲದಲ್ಲಿ ಒಮ್ಮೆ ಮೂಗು ಕಟ್ಟಿ ತಲೆ ಭಾರವಾಗಿ ಮನೆಗೆ ಓಡುತ್ತಿದ್ದಾಗ ಬಾಗಿಲಲ್ಲಿ ಕಚೇರಿಯ ಹೆಂಗಸೊಬ್ಬಳು ನಿಂತಿದ್ದಳು. "ಶೀತ ಆಗಿದೆ ಅಂದೆ. ಎರಡು ಗಂಟೆ ಹಾರಾಟ ಅಷ್ಟೇ, ಚೂಯಿಂಗ್ ಗಮ್ ಅಗೀತಿರು ಅಂದ್ಳು." ವಿಮಾನ ಇಳಿಯುವಾಗ ಎಡಗಿವಿಯ ತಮಟೆ ಹರಿಯಿತು. ಆ ದಿನ ಜೊತೆಗಿದ್ದ ಕಾಲೀನ್, ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಕಾಗದದ ಲೋಟದೊಳಗೆ ತುರುಕಿ, ಗೆಳತಿಯ ಕಿವಿಗೆ ಕವುಚಿ ಹಿಡಿದು, ನೆಲ ಮುಟ್ಟುವ ತನಕ ಬಿಡಲಿಲ್ಲ. ಆ ಕಿವಿ ಮತ್ತೆ ಸರಿಹೋಗಲಿಲ್ಲ. ಹಾರುವುದು ನಿಂತಿತು. ಎರಡು ಚಿಕ್ಕ ಮಕ್ಕಳಿದ್ದ ವೆರ್ನಾ ಮೇಲಂತಸ್ತಿನಲ್ಲಿ ಸಿಕ್ಕ ಕುರ್ಚಿಯನ್ನು ಒಪ್ಪಿಕೊಂಡರು. ಕಾಫಿ ಪಾತ್ರೆ ಮುಟ್ಟಿ ಮಾತು ಕೊಟ್ಟದ್ದು ಆಗ.

ಮಾತು ಉಳಿಸಿಕೊಳ್ಳಲು ಪಟ್ಟ ಪಾಡು ಕಡಿಮೆಯದಲ್ಲ. ಬಾಗಿಲಿಗೆ ಹೋಗು ಎಂದವರ ಜೊತೆ ಜಗಳವಾಡಿದ್ದಾರೆ. ಬಡ್ತಿ ಎರಡು ಸಲ ಕೈತಪ್ಪಿದೆ. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಟ್ರೆವರ್ ಫ್ರೀಸೆನ್ ಈಗ ಅವರ ಮೇಲಧಿಕಾರಿ. ಕೆಟ್ಟವರಲ್ಲ. "ವೆರ್ನಾ ಫೋನ್ ಮಾಡಿದ್ರೆ ನೂರಕ್ಕೆ ಎಂಬತ್ತು ಜನ ಬರ್ತಾರೆ. ಉಳಿದವರಿಗೆ ಬಾಗಿಲೇ ಗತಿ. ಆ ಪಾಪ ಬೇರೆಯವರು ಹೊರಬೇಕು" ಎನ್ನುತ್ತಾರೆ.

ಇಂದು ಕಾಲೀನ್ ಅವರ ಹೆಸರು ಥಾಂಪ್ಸನ್ನಿಗೆ ಹೋಗಿಬರುವ ಬೆಳಗಿನ ವಿಮಾನದಲ್ಲಿದೆ. ಅಲ್ಲಿ ಸೇರಿಸಿದ್ದು ವೆರ್ನಾ. ಕಾಲೀನ್ ಅವರ ಗಂಡ ಗೋರ್ಡನ್ ವರ್ಷದಿಂದ ಆರೈಕೆ ಮನೆಯಲ್ಲಿದ್ದಾರೆ, ನೆನಪು ಹೋಗಿದೆ, ಶರತ್ಕಾಲದಿಂದೀಚೆಗೆ ಮಾತೂ ಇಲ್ಲ. ಎರಡು ದಿನದಿಂದ ಉಸಿರಾಟ ಸರಿಯಿಲ್ಲ. ಮನೆಯವರೆಲ್ಲ ಮಂಗಳವಾರ ಸಂಜೆ ಬರುವುದು ಒಳ್ಳೆಯದು ಎಂದು ವೈದ್ಯರು ಹೇಳಿದ್ದಾರೆ. ರಜೆ ಕೇಳಿದರೆ, ಹಿಮಗಾಳಿಯ ವಾರದಲ್ಲಿ ಯಾರಿಗೂ ಇಲ್ಲ ಎಂಬ ಉತ್ತರ ಬಂದಿತ್ತು. ವೆರ್ನಾ ಯಾರಿಗೂ ಹೇಳದೆ ಗೆಳತಿಯನ್ನು ಉದ್ದದ ಹಾರಾಟದಿಂದ ತೆಗೆದು ಥಾಂಪ್ಸನ್ನಿಗೆ ಹಾಕಿದರು. "ಮಧ್ಯಾಹ್ನಕ್ಕೆಲ್ಲ ಮುಗೀತದೆ, ಸಂಜೆ ಗೋರ್ಡನ್ ಹತ್ರ ಇರ್ತಾಳೆ ಅಂತ ಲೆಕ್ಕ."

ಲೆಕ್ಕ ತಪ್ಪುವುದು ಹನ್ನೊಂದು ಗಂಟೆಗೆ. ಚರ್ಚಿಲ್‌ಗೆ ಹೋಗಬೇಕಿದ್ದ ಹುಡುಗಿ ವಾಂತಿಯಾಗಿ ಆಸ್ಪತ್ರೆ ಸೇರಿದ ಸುದ್ದಿ ಬರುತ್ತದೆ. ಗಗನಸಖಿಯಿಲ್ಲದೆ ವಿಮಾನ ಹೊರಡುವಂತಿಲ್ಲ. ಕೊಲ್ಲಿಯ ದಂಡೆಯ ಆ ಊರಿಗೆ ರಸ್ತೆಯಿಲ್ಲ. ರೈಲು ಹಿಮದಲ್ಲಿ ನಿಂತಿದೆ. ಎರಡು ದಿನದಿಂದ ವಿಮಾನವೂ ಹೋಗಿಲ್ಲ. ಅಲ್ಲಿಯ ಬಸುರಿಯರು ಹೆರಿಗೆಗೆ ವಾರಗಳ ಮುಂಚೆಯೇ ವಿನಿಪೆಗ್‌ಗೆ ಬಂದಿರಬೇಕು. ಒಬ್ಬಾಕೆ ಬಂದಿಲ್ಲ. ಚರ್ಚಿಲ್ ನಿಲ್ದಾಣದ ಎಲಿಸಪಿ ಫೋನಿನಲ್ಲಿ ಹೇಳುತ್ತಾಳೆ: "ಇವಳಿಗೆ ಸೊಂಟ ಹಿಡ್ಕೊಂಡಿದೆ ಅಂತಾಳೆ ವೆರ್ನಾ. ಚೊಚ್ಚಲು. ನಂಗೆ ಟಿಕೆಟ್ ಹರಿಯೋದು ಗೊತ್ತು, ಹೊಕ್ಕುಳ ಬಳ್ಳಿ ಅಲ್ಲ."

ಮನೆಯಲ್ಲಿ ಕರೆಗೆ ಕಾದಿರುವವರಲ್ಲಿ ಯಾರೂ ಉಳಿದಿಲ್ಲ. ಮಿಕ್ಕವರೆಲ್ಲ ಎರಡು ದಿನ ಉದ್ದುದ್ದ ಹಾರಾಡಿ, ಕಾನೂನು ಒಪ್ಪುವಷ್ಟು ಗಂಟೆಗಳನ್ನು ಮುಗಿಸಿದ್ದಾರೆ. ಇಡೀ ಪರದೆಯ ಮೇಲೆ ಗಂಟೆಗಳು ಉಳಿದಿರುವುದು ಒಬ್ಬರಿಗೇ. ವೆರ್ನಾ ಸಣ್ಣ ಹಾರಾಟಕ್ಕೆ ಹಾಕಿದ ಕಾಲೀನ್ ಅವರಿಗೆ.

ವೆರ್ನಾ ಪರದೆಯನ್ನೇ ನೋಡುತ್ತಾರೆ. ಬೇರೆಯವರಿಗೆ ಫೋನ್ ಮಾಡುತ್ತಾರೆ, ಬೇರೆ ಸಂಸ್ಥೆಗೂ ಮಾಡುತ್ತಾರೆ. ಕಾಲೀನ್ ಅವರ ಫೋನ್ ಬಾಯಿ ತೆರೆಯುವುದಿಲ್ಲ. ಥಾಂಪ್ಸನ್ ವಿಮಾನ ನೆಲ ಮುಟ್ಟಿದೆ. ಟ್ರೆವರ್ ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾರೆ.

"ನೀನೇ ಹೋಗಬೇಕು."

"ಬೇರೆ ಯಾರನ್ನಾದ್ರೂ ಕಳಿಸು. ನಂಗೆ ಹೇಳ್ಬೇಡ."

"ಬೇರೆಯವರನ್ನ ಕಂಡ್ರೆ ಪಕ್ಕದ ಬಾಗಿಲಿಂದ ಇಳಿದು ಹೋಗ್ತಾಳೆ. ನಿನ್ನ ಕಂಡ್ರೆ ನಿಲ್ತಾಳೆ."

"ಯಾಕೆ ನಿಲ್ತಾಳೆ ಗೊತ್ತಾ ನಿಂಗೆ?"

"ಗೊತ್ತು" ಎನ್ನುತ್ತಾರೆ ಟ್ರೆವರ್, ಮತ್ತು ನೆಲ ನೋಡುತ್ತಾರೆ.

ವೆರ್ನಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಡುತ್ತಾರೆ. ಕೋಟು ಹಾಕಿಕೊಳ್ಳುವುದಿಲ್ಲ. ನಿಲ್ದಾಣದವರೆಗೆ ಗಾಡಿಯಲ್ಲಿ ಹೋಗುತ್ತಾರೆ. ಓಣಿಯ ಬಾಗಿಲ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಗಣಿ ಕೆಲಸದವರು, ಮಗು ಎತ್ತಿಕೊಂಡ ಅಜ್ಜಿ, ಹಾಕಿ ಆಟದ ಚೀಲ ಹೊತ್ತವರು ದಾಟಿಹೋಗುತ್ತಾರೆ. ಅವರ ನಡುವೆ ತಲೆ ತಗ್ಗಿಸಿ, ಸಮವಸ್ತ್ರದ ಮೇಲೆ ದೊಗಲೆ ಜಾಕೆಟ್ ತೊಟ್ಟು, ಕಾಲೀನ್ ಬಿರುಸಾಗಿ ಬರುತ್ತಾರೆ.

ಕಣ್ಣೆತ್ತಿ ನೋಡಿ ನಿಲ್ಲುತ್ತಾರೆ. ಮುಖ ಅರಳುತ್ತದೆ.

"ಅಯ್ಯೋ, ವೆರ್ನಾ! ನನ್ನ ಕರ್ಕೊಂಡ್ ಹೋಗೋಕೆ ಬಂದ್ಯಾ? ಬೇಡ ಅಂದ್ರೂ ಕೇಳಲ್ವಲ್ಲೇ ನೀನು. ಶ್ಯಾರನ್ ಬರ್ತಾಳೆ ಕಣೇ ಕಾರು ತಗೊಂಡು..." ಎನ್ನುತ್ತ ತೋಳು ಚಾಚಿ ಅಪ್ಪಿಕೊಳ್ಳುತ್ತಾರೆ.

ಅಪ್ಪುಗೆಯೊಳಗಿಂದಲೇ ವೆರ್ನಾ ಹೇಳುತ್ತಾರೆ. "ಚರ್ಚಿಲ್. ಎರಡು ಗಂಟೆಗೆ. ಯಾರೂ ಇಲ್ಲ ಕಾಲೀನ್. ಅಲ್ಲೊಬ್ಬಳು ಬಸುರಿ..."

ತೋಳುಗಳು ಸಡಿಲವಾಗುತ್ತವೆ. ಕಾಲೀನ್ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೂಗಾಡುವುದಿಲ್ಲ. "ಹೇಳಿಬಿಟ್ಯಾ" ಎನ್ನುತ್ತಾರೆ. ಕಿವಿಗೆ ಬಿದ್ದಾಗಿದೆ. ಪಿಂಚಣಿಗೆ ಇನ್ನು ಕೆಲವೇ ತಿಂಗಳಿದೆ. ಅವರು ಹಿಂತಿರುಗಿ ಓಣಿಯೊಳಕ್ಕೆ ನಡೆಯುತ್ತಾರೆ. ಫೋನ್ ಹಾಗೇ ಮುಚ್ಚಿಕೊಂಡಿದೆ.

ನಾಲ್ಕು ಗಂಟೆಗೆ, ಬೆಳಕು ಆಗಲೇ ಬಾಡಿರುವಾಗ, ಮೇಲಂತಸ್ತಿನ ಫೋನು ಹೊಡೆದುಕೊಳ್ಳುತ್ತದೆ. ಕಾಲೀನ್ ಅವರ ಮಗಳು ಶ್ಯಾರನ್. ಅಮ್ಮನ ಫೋನ್ ಸಿಗದೆ ಇಲ್ಲಿಗೆ ಮಾಡಿದ್ದಾಳೆ. "ವೆರ್ನಾ ಆಂಟಿ, ಅಪ್ಪ ಕಣ್ಣು ಬಿಟ್ಟಿದಾರೆ. ಅಮ್ಮನ ಹೆಸರು ಹೇಳ್ತಿದಾರೆ. ಕಾಲೀ ಎಲ್ಲಿ, ಕಾಲೀ ಎಲ್ಲಿ ಅಂತ. ಎಲ್ಲಿದಾಳೆ ಅಮ್ಮ?"

"ಆಕಾಶದಲ್ಲಿದಾಳಮ್ಮ" ಎನ್ನುತ್ತಾರೆ ವೆರ್ನಾ.

ಆಮೇಲೆ ಚರ್ಚಿಲ್‌ನಿಂದ ಕಾಲೀನ್ ಕರೆ ಮಾಡುತ್ತಾರೆ. ವಿಮಾನ ಇಳಿದಿದೆ, ಗಾಳಿ ಮತ್ತೆ ಎದ್ದಿದೆ, ಬೆಳಗಿನ ತನಕ ಹೊರಡುವಂತಿಲ್ಲ. ಕರೆ ಮಾಡಿದವರು ಮೊದಲು ತಮ್ಮ ನೌಕರಿ ಸಂಖ್ಯೆ ಹೇಳಬೇಕೆಂಬುದು ಕಚೇರಿಯ ನಿಯಮ. ಹತ್ತೊಂಬತ್ತು ವರ್ಷಗಳಲ್ಲಿ ವೆರ್ನಾ ಅದನ್ನು ಕಾಲೀನ್ ಅವರಿಂದ ಕೇಳಿದ್ದಿಲ್ಲ, ಅವರು ಹೇಳಿದ್ದೂ ಇಲ್ಲ. ಇಂದು ಅವರು ಸಂಖ್ಯೆಯಿಂದಲೇ ಶುರುಮಾಡುತ್ತಾರೆ, ಒಂದೊಂದೇ ಅಂಕಿ ಬಿಡಿಸಿ.

"ಕಾಲೀನ್, ಗೋರ್ಡನ್ ಎದ್ದಿದ್ದ. ನಿನ್ನ ಹೆಸರು..."

"ಈ ಲೈನ್ ರೆಕಾರ್ಡ್ ಆಗ್ತದಲ್ವಾ?"

"ಆಗ್ತದೆ."

"ಹಾಗಾದ್ರೆ ಕೆಲಸದ ಮಾತಷ್ಟೇ."

ಬಸುರಿ ಮರುದಿನ ವಿನಿಪೆಗ್ ತಲುಪಿದಳು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಗೋರ್ಡನ್ ಇನ್ನೂ ಇದ್ದಾರೆ. ಆ ಸಂಜೆಯ ಮೇಲೆ ಮತ್ತೆ ಮಾತಾಡಿಲ್ಲ. ಕಾಲೀನ್ ದಿನವೂ ಹೋಗಿ ಮಂಚದ ಪಕ್ಕ ಕೂರುತ್ತಾರೆ.

ಇಷ್ಟಾದ ಮೇಲೂ ವೆರ್ನಾ ಹೊತ್ತು ಮೂಡುವ ಮುನ್ನ ಮೆಟ್ಟಿಲೇರುತ್ತಾರೆ. ಜನ ಬೈಯುತ್ತಾರೆ, ಬರುತ್ತಾರೆ, ವಿಮಾನಗಳು ಹೊರಡುತ್ತವೆ. ಹೊರಟ ವಿಮಾನದಲ್ಲಿ ಅವರ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಹಳ ಹೊತ್ತು ಬಲಗಿವಿಯನ್ನು ಉಜ್ಜಿಕೊಳ್ಳುತ್ತಾರೆ. "ಹೋದ ವಾರ ಪೆರೋಗಿ ಮಾಡಿ ಕೆಳಗಿಟ್ಟೆ. ಹೆಸರು ಬರೆದೇ ಇಟ್ಟೆ. ಯಾರು ಇಟ್ಟಿದ್ದು ಅಂತ ಗೊತ್ತಿದ್ದೂ ಯಾರಾದ್ರೂ ಒಂದು ತಿನ್ನಲಿ ಅಂತ, ಅಷ್ಟೇ."

ತಟ್ಟೆ ತುಂಬಿದ್ದು ತುಂಬಿದ ಹಾಗೇ ಮೇಲೆ ಬಂತು.

ಹತ್ತೊಂಬತ್ತು ವರ್ಷ ವೆರ್ನಾ ಹ್ರಿಂಚಕ್ ಬಾಗಿಲಲ್ಲಿ ನಿಲ್ಲಲಿಲ್ಲ. ಜನವರಿಯ ಆ ಮಂಗಳವಾರ ನಿಂತರು.