ಓಣಿಯ ನಾರ್ಮಲ್

ಹಿಪ್ಪರಗಿಯ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದರು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಹೊಳೆದಂಡೆಗೆ ಹೋಗಿ, ಧೋತರದ ಚುಂಗು ಹಿಡಿದು ನೀರು ನೋಡಿ ಬಂದು, "ನಾರ್ಮಲ್ ಐತಿ" ಅನ್ನುವರು. ಬ್ಯಾರೇಜಿನ ನೀರಿನ ಮಟ್ಟ ನೋಡಲು ಬಂದ ಯಾರೋ ಸಾಹೇಬರ ಬಾಯಿಂದ ಎತ್ತಿಕೊಂಡ ಮಾತು. ನಮ್ಮ ಪಾಲಿಗೆ ಅದರ ಅರ್ಥ 'ಅಂಜಬ್ಯಾಡ್ರಿ' ಅಂತ. ಅದಾದ ಮೇಲೇ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು.

ಒಂದು ವರ್ಷ ಹೊಳೆ ಏರತೊಡಗಿತು. ನೀರು ಕಬ್ಬಿನ ಹೊಲಕ್ಕೆ ಬಂತು. ಕಾಕಾ ನಾರ್ಮಲ್ ಅಂದರು. ಓಣಿಯೊಳಗೆ ಬಂತು, ಆಗಲೂ ಅದೇ ಮಾತು. ಅವರನ್ನು ನಂಬಿ ಯಾರೂ ಗಂಟುಮೂಟೆ ಕಟ್ಟಲಿಲ್ಲ. ಕೊನೆಗೆ ಅವರ ಮನೆಗೇ ನೀರು ನುಗ್ಗಿತು. ಕಾಕಾ ಹೊರಸಿನ ಮೇಲೆ ಕಾಲೆತ್ತಿಕೊಂಡು ಕೂತಿದ್ದರು. ಅವರ ಹೆಂಡತಿ ಎಮ್ಮೆಯ ಹಗ್ಗ ಬಿಚ್ಚುತ್ತ ಹೇಳಿದರು: "ನಿಮ್ಮ ನಾರ್ಮಲ್ ನಮ್ಮ ಕಟ್ಟಿ ಹತ್ತೇತ್ರಿ. ನೀವು ಅದರ ಜೋಡಿ ಇರ್ರಿ, ನಾ ಎಮ್ಮಿ ಜೋಡಿ ಹೊಂಟೆ."

ಅವರು ಹೊರಟದ್ದು ನೋಡಿ ಇಡೀ ಓಣಿ ಟ್ರ್ಯಾಕ್ಟರ್ ಹತ್ತಿತು. ಕಾಕಾ ಮೊಣಕಾಲುದ್ದ ನೀರಿನಲ್ಲಿ ಎಮ್ಮೆಯ ಬಾಲ ಹಿಡಿದು ಹಿಂದೆ ಬಂದರು.

ಮರುದಿನ, ನಾವೆಲ್ಲ ಇಳಿದುಕೊಂಡಿದ್ದ ಸರಕಾರಿ ಸಾಲೆಯಲ್ಲಿ, ನಮ್ಮಪ್ಪ ರೂಢಿಯಂತೆ ಕೇಳಿದರು: "ಏನ್ರಿ ಕಾಕಾ, ಹೊಳಿ ಹೆಂಗೈತಿ?"

ಕಾಕಾ ಚಹಾದ ಬಸಿಯಿಂದ ಮುಖ ಎತ್ತಲಿಲ್ಲ. "ನಮ್ಮಕಿ ಎಮ್ಮಿಗೆ ಮೇವು ಹಾಕಾಕ ಹೋಗ್ಯಾಳ. ಬರ್ಲಿ, ಅಕಿನ್ನ ಕೇಳ್ರಿ."